ಮಾವಿನ ವಿಳಾಸದಲ್ಲಿ ದೇವರು

ಬೆಳಿಗ್ಗೆಯಿಂದ ದೀಪಾ ಒತ್ತುತ್ತಿದ್ದುದು ಬೆಳಂಬಾರದ ಮಾವಿನ ವೆಬ್ ವಿಳಾಸ, ಪರದೆಯ ಮೇಲೆ ಬರುತ್ತಿದ್ದುದು ದೇವರು. ಅದೂ ಹಾರ ಸಮೇತ, ಗಂಟೆಯ ಸದ್ದು ಸಮೇತ. ದೇವರ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆಯೇ? ಬರುತ್ತದೆ.

ಕಾರವಾರದ ರಾಮನಾಥರ ಇಂಟರ್ನೆಟ್ ಅಂಗಡಿಯಲ್ಲಿದ್ದದ್ದು ಒಂದೇ ಲಿನಕ್ಸ್ ಸರ್ವರ್. ಅದರಲ್ಲಿ ಅವರು ಮೊದಲು ತಮ್ಮ ಕುಲದೇವರ ಪುಟ ಕೂರಿಸಿದ್ದರು. ಈಗ ಅದೇ ಯಂತ್ರದಲ್ಲಿ ಬೆಳಂಬಾರದ ಹೆಂಗಸರ ಸಂಘದ ಇಷಾಡ ಮಾವಿನ ಪುಟವೂ ಇರಬೇಕಿತ್ತು. ಯಾರು ಯಾವ ಹೆಸರು ಕೇಳುತ್ತಾರೋ ಅವರಿಗೆ ಆ ಪುಟ ತೋರಿಸುವುದು, ಅದಕ್ಕೆ ವರ್ಚುವಲ್ ಹೋಸ್ಟ್ ಎನ್ನುತ್ತಾರೆ. ಹೇಳುವುದು ಸುಲಭ, ಅಂಗಡಿಯ ಸರ್ವರ್ ನೋಡಿಕೊಳ್ಳುವ ದೀಪಾಳ ಗೋಳು ಬೇರೆ.

ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಇಂದು ಪುಟ ನೋಡಿ ಅಷ್ಟೂ ಹಣ್ಣಿಗೆ ಲಾರಿ ಕಳಿಸುವವನಿದ್ದ. ಇಷಾಡ ಹಣ್ಣಾದ ಮೇಲೆ ಯಾರಿಗೂ ಕಾಯುವುದಿಲ್ಲ. ಲಾರಿ ಬರುತ್ತದೆಂಬ ದೀಪಾಳ ಮಾತು ನಂಬಿ ಸಂಘದ ಕಾಮಿ ಹಳೆಯ ದಲ್ಲಾಳಿಯನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದಳು.

ದೀಪಾ ಸರ್ವರ್ ನಿಲ್ಲಿಸಿದಳು, ಮತ್ತೆ ಎಬ್ಬಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಮತ್ತದೇ ಗಂಟೆ. ಜೊತೆಗೊಂದು ಎಚ್ಚರಿಕೆ: ಎರಡು ಹೋಸ್ಟ್‌ಗಳು ಒಂದರ ಮೇಲೊಂದು ಬಿದ್ದಿವೆ, ಮೊದಲನೆಯದಕ್ಕೇ ಆದ್ಯತೆ.

ರಾಮನಾಥರು ಕನ್ನಡಕ ಏರಿಸಿ ಓದಿದರು. "ಕಂಡ್ಯಾ? ಮೊದಲ ಮರ್ಯಾದೆ ಯಾರಿಗೆ ಅಂತ ಮಷೀನಿಗೂ ಗೊತ್ತುಂಟು."

"ಮಾಮಾ, ನಂಗೆ ಮೈ ಉರೀತಾ ಉಂಟು. ಸುಮ್ನೆ ಕೂತ್ಕೊಳ್ಳಿ."

ಅವಳು ಸರ್ವರಿಗೆ ಸೂಚನೆ ಬರೆದಿಟ್ಟ ಕಡತವನ್ನು ಮೇಲಿಂದ ಸಾಲು ಸಾಲಾಗಿ ಓದಿದಳು. ದೇವರ ಪುಟದ ಹೆಸರಿಗಿಂತ ಮೇಲೆ ತಾನೇ ಬರೆದಿದ್ದ ಒಂದು ಸಾಲು ಇರಲಿಲ್ಲ. ಹೆಸರು ನೋಡಿ ಪುಟ ಆರಿಸು ಎಂದು ಸರ್ವರಿಗೆ ಹೇಳುವ ಸಾಲೇ ಅದು.

"ಇಲ್ಲಿದ್ದ ಸಾಲು ಎಲ್ಲಿ ಹೋಯ್ತು?"

"ಅದಾ? ಪೂಜೆ ದಿನ ನಾನೇ ಅಳಿಸಿದೆ. ದೇವರ ತಲೆ ಮೇಲೆ ನಕ್ಷತ್ರದ ಗುರುತು, ಅಂಕೆ, ಎಂತೆಂತದೋ ಇತ್ತು ಮಾರಾಯ್ತಿ. ದೇವರ ಮೇಲೆ ಎಂತದೂ ಇರೂಕಾಗ. ಆಗ ಎಂತದೂ ಆಗಲಿಲ್ಲ ಅಲಾ?"

ಆಗ ಇದ್ದದ್ದು ಒಂದೇ ಪುಟ, ಆಗುವುದಾದರೂ ಏನು! ದೀಪಾ ಹಲ್ಲು ಕಚ್ಚಿ ಆ ಸಾಲನ್ನು ದೇವರ ಕೆಳಗೆ ಬರೆದಳು. ಆ ಸಾಲು ಎಲ್ಲಿದ್ದರೂ ನಡೆಯುತ್ತಿತ್ತು. ಅವರು ಕೇಳಿದ್ದರೆ ಅವತ್ತೇ ಹೇಳುತ್ತಿದ್ದಳು. ಸರ್ವರ್ ಎದ್ದಿತು, ಪರದೆಯ ತುಂಬ ಮಾವು ಬಂತು.

ಅವಳು ಹುಬ್ಬಳ್ಳಿಗೆ ಫೋನ್ ಮಾಡಿದಳು.

"ಮುಂಜಾನೇನ ನೋಡಿದ್ನಲ್ರೀ," ಎಂದ ವ್ಯಾಪಾರಿ. "ದೇವರು ಬಂದ್ರು, ಕೈ ಮುಗದೆ. ಹಣ್ಣಿನ ಹೆಸರಿನಾಗ ಯಾರೋ ಆಟ ಆಡ್ಯಾರ ಅಂತ ಬ್ಯಾರೇದವರಿಗೆ ಮಾತು ಕೊಟ್ಟೆ. ಲಾರಿ ಆ ಕಡೆ ಹೋತ್ರೀ."

ದೀಪಾ ಫೋನ್ ಇಟ್ಟಳು. ಅವಳ ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕಲ್ಲ, ಸಿಟ್ಟಿಗೆ.

"ದೇವರಿಚ್ಛೆ," ಎಂದರು ರಾಮನಾಥರು, ಮೆಲ್ಲಗೆ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು, ಕಾಮಿಯದು. ದೀಪಾ ಅದನ್ನೆತ್ತಿ ಅವರ ಕಿವಿಗೇ ಹಿಡಿದಳು. "ನೀವೇ ಹೇಳಿ ಮಾಮಾ."

ಕಾಮಿಯ ದನಿ ಅಂಗಡಿಗೆಲ್ಲ ಕೇಳುವಷ್ಟು ದೊಡ್ಡದಿತ್ತು. "ತಂಗೀ, ಬುಟ್ಟಿ ಎಲ್ಲಾ ತಂದ್ಕಂಡು ಬಾಳೆಗುಳಿ ರಸ್ತೆ ಮೇಲೆ ಕೂತಿದ್ರು ನಮ್ಮವ್ರು. ಬಿಸಿಲು ಏರ್ತಾ ಉಂಟು. ಲಾರಿ ಎಲ್ಲಿವರೆಗೆ ಬಂತು?"

ರಾಮನಾಥರು ದೇವರನ್ನು ಹುಡುಕಿ ಪರದೆಯತ್ತ ನೋಡಿದರು, ಅಲ್ಲಿದ್ದದ್ದು ಮಾವು.