ಮೈಲುತುತ್ತದಲ್ಲಿ ಅದ್ದಿದ ಸಸಿಗಳು

ಕಳೆದ ವಸಂತದಲ್ಲಿ ಹಿಮ ಕರಗಿದಾಗ ನಮ್ಮ ನೆರೆಮನೆಯ ಗವ್ರಿಲನ ಮನೆ ಹಿಂದಿನ ಗುಡ್ಡ ಜಾರಿ, ಅಡುಗೆಮನೆಯ ಕಿಟಕಿಯವರೆಗೆ ಕೆಸರು ಬಂದು ನಿಂತಿತು. ನಮ್ಮ ಕಾರ್ಪೇಥಿಯನ್ ಬೆಟ್ಟದ ಊರುಗಳಲ್ಲಿ ಇದು ಹೊಸದಲ್ಲ. ಮರ ಕಡಿದ ಗುಡ್ಡ ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ಇನ್ನೊಮ್ಮೆ ಜಾರಿದರೆ ಮನೆಯೇ ಹೋಗುತ್ತದೆಂದು ಹೆದರಿ ಅವನು ಅರಣ್ಯ ಕಚೇರಿಯಿಂದ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರದ ನಾನೂರು ಸಸಿ ತಂದ. ಬೇರು ನೋಡಿದ್ದೇ ಮುಖ ಸಿಂಡರಿಸಿದ. ಬೇರಿಗೆಲ್ಲ ಬಿಳಿ ನೂಲಿನಂಥದ್ದು ಸುತ್ತಿಕೊಂಡಿತ್ತು.

"ನೋಡಕ್ಕ, ಬೂಷ್ಟು ಹಿಡಿದಿರೋ ಸಸಿ ಕೊಟ್ಟವ್ರೆ. ಬಿಟ್ಟಿ ಕೊಡೋದು ಹಿಂಗೇ ಇರೋದು."

"ಪ್ಲಮ್ ಗಿಡಕ್ಕೆ ಮಾಡೋದನ್ನೇ ಇದಕ್ಕೂ ಮಾಡಪ್ಪ" ಎಂದೆ ನಾನು.

ಇಲ್ಲಿ ಯಾರ ತೋಟದಲ್ಲಿ ಯಾವ ಬೂಷ್ಟು ಬಂದರೂ ಮೈಲುತುತ್ತವೇ ಮದ್ದು. ಅದನ್ನು ನೀರಿನಲ್ಲಿ ಕರಗಿಸಲು ಪೀಪಾಯಿ ಕೊಟ್ಟವಳೂ ನಾನೇ. ಗವ್ರಿಲ ಬೇರುಗಳನ್ನು ತಿಕ್ಕಿ ತೊಳೆದು, ಆ ನೀಲಿ ನೀರಲ್ಲಿ ಅದ್ದಿ ನೆಟ್ಟ. ಅವನ ತಾಯಿ ರಫಿಲಜ್ಜಿಗೆ ಮಂಡಿನೋವು. ಪೀಪಾಯಿಯವರೆಗೆ ಇಳಿದು ಹತ್ತಲಾರದೆ, ತಮ್ಮ ಪಾಲಿನ ಅರವತ್ತು ಸಸಿಗಳನ್ನು ಮೇಲಿನ ಸಾಲಿನಲ್ಲಿ ಹಾಗೆಯೇ ನೆಟ್ಟುಬಿಟ್ಟರು.

"ಮೊದಲು ಸಾಯೋದು ನಿನ್ನ ಸಾಲೇ ಅಮ್ಮ, ನೋಡ್ತಿರು" ಎಂದು ಮಗ ಗೊಣಗಿದ.

ಆಗಸ್ಟಿನಲ್ಲಿ ನಾನು ಗುಡ್ಡ ಹತ್ತಿ ನೋಡಿದೆ. ಸಸಿಗಳೆಲ್ಲ ಕೆಂಪಗೆ ಒಣಗಿ ನಿಂತಿದ್ದವು. ಮೇಲಿನ ಸಾಲೊಂದೇ ಹಸಿರು. ಗವ್ರಿಲ ಅಂದೇ ಅರಣ್ಯ ಕಚೇರಿಗೆ ಹೋಗಿ ಹೇಳಿ ಬಂದ.

ಅರಣ್ಯ ಕಚೇರಿಯ ಡೊಮ್ನಿಕಾ ಬಂದು ಒಂದು ಸತ್ತ ಸಸಿ, ಒಂದು ಬದುಕಿದ ಸಸಿ ಕಿತ್ತು ತೋರಿಸಿದಳು. ಸತ್ತದ್ದರ ಬೇರು ಬೋಳು. ಇನ್ನೊಂದಕ್ಕೆ ಬಿಳಿ ನೂಲು, ಅದಕ್ಕಂಟಿದ ಹಿಡಿ ಮಣ್ಣು.

"ಇದು ರೋಗ ಅಲ್ಲಣ್ಣ, ಶಿಲೀಂಧ್ರ. ಕಾಡಲ್ಲಿ ಬುಟ್ಟಿಗಟ್ಟಲೆ ಅಣಬೆ ಆರಿಸ್ತೀರಲ್ಲ, ಅದೇ ಬಳಗ. ಬೇರು ಹೋಗಲಾರದ ಕಡೆಯಿಂದ ಇದು ನೀರು, ಸಾರ ತಂದುಕೊಡುತ್ತೆ. ಬದಲಿಗೆ ಸಸಿ ಇದಕ್ಕೆ ಸಕ್ಕರೆ ಕೊಡುತ್ತೆ."

"ಹಂಗಾದ್ರೆ ನಾನು ತೊಳೆದಿದ್ದು?"

"ಅನ್ನ ಹಾಕೋ ಕೈನೇ ತೊಳೆದು ಬಿಸಾಕಿದ್ರಿ. ಉಳಿದಿದ್ದ ಬೇರನ್ನ ಮೈಲುತುತ್ತ ಸುಟ್ಟಿತು." ಅವಳು ಚಿಟಿಕೆ ಮಣ್ಣು ತೆಗೆದು ಅವನ ಅಂಗೈಗೆ ಹಾಕಿದಳು. "ಇಷ್ಟರಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರ್ತವೆ. ಉದುರಿದ ಎಲೆ ಕೊಳೆಸಿ ಗೊಬ್ಬರ ಮಾಡೋದ್ರಲ್ಲಿ ಅವುಗಳದ್ದೂ ಕೈ ಇದೆ."

"ಕಣ್ಣಿಗೆ ಕಾಣದ್ದನ್ನ ಹೆಂಗಮ್ಮ ನಂಬೋದು?"

"ಕಣ್ಣಿಗೆ ಕಾಣೋ ಹಂಗೆ ಮುನ್ನೂರ ನಲವತ್ತು ಸತ್ತು ನಿಂತವಲ್ಲೋ, ಅದನ್ನ ನಂಬು" ಎಂದರು ರಫಿಲಜ್ಜಿ.

ನಾನು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡೆ. ಅರವತ್ತು ವರ್ಷ ಈ ಮಣ್ಣು ತುಳಿದಿದ್ದೇನೆ, ಅದರೊಳಗೆ ಜೀವ ಇದೆಯೆಂದು ಒಂದು ದಿನವೂ ಅನ್ನಿಸಿರಲಿಲ್ಲ.

"ಈಗ ನೆಟ್ಟರೆ ಗುಡ್ಡ ಗಟ್ಟಿಯಾಗಕ್ಕೆ ಎಷ್ಟು ವರ್ಷ ಬೇಕು?" ಎಂದು ಗವ್ರಿಲ ಕೇಳಿದ.

"ಹತ್ತು ವರ್ಷವಾದ್ರೂ ಬೇಕು."

ಅವನು ಮನೆಯತ್ತ ನೋಡಿದ. ಅಂಗಳದಲ್ಲಿ ಹೆಂಡತಿ ಮಗಳಿಗೆ ಮೆಕ್ಕೆಜೋಳದ ಮುದ್ದೆ ತಿನ್ನಿಸುತ್ತಿದ್ದಳು. "ಅದರಲ್ಲಿ ಒಂದು ವರ್ಷ ನಾನೇ ಕೈಯಾರೆ ಹಾಳು ಮಾಡಿದೆ" ಎಂದ.

ಅಕ್ಟೋಬರಿನಲ್ಲಿ ಮತ್ತೆ ಸಸಿ ಬಂದವು. ಈ ಸಲ ಯಾರೂ ಬೇರು ತೊಳೆಯಲಿಲ್ಲ. ಹಳೆಯ ಸ್ಪ್ರೂಸ್ ಮರಗಳ ಬುಡದಿಂದ ಆ ಬಿಳಿ ನೂಲು ಇರುವ ಎರಡೇ ಬಕೆಟ್ ಮಣ್ಣು ತಂದು, ಗುಂಡಿಗೊಂದೊಂದು ಚಿಟಿಕೆ ಹಾಕಿ ನೆಟ್ಟೆವು. ಮಳೆ ಜೋರಾದಾಗಲೆಲ್ಲ ಗವ್ರಿಲನ ಹೆಂಡತಿ ಮಗಳನ್ನೆತ್ತಿಕೊಂಡು ನಮ್ಮ ಮನೆಗೆ ಬರುತ್ತಾಳೆ. ಇನ್ನೂ ಹತ್ತು ವರ್ಷ ಹೀಗೇ.

ಓದುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಕಾಡಿನ ಸಸಿಯ ಬೇರಿನಲ್ಲಿ ಬಿಳಿ ನೂಲು ಕಂಡರೆ ತೊಳೆಯಬೇಡಿ, ಔಷಧಿಗೆ ಅದ್ದಬೇಡಿ. ಅನುಮಾನವಿದ್ದರೆ ಮೊದಲು ಅರಣ್ಯದವರನ್ನು ಕೇಳಿ. ಕಾಡಿನ ನೆಲದ ತರಗೆಲೆ ಈ ಮಣ್ಣಿನ ಜೀವಗಳ ಊಟ, ಅದಕ್ಕೆ ಬೆಂಕಿ ಇಡಬೇಡಿ. ಗವ್ರಿಲನಿಗೆ ಹೋದದ್ದು ಒಂದು ವರ್ಷ. ನಿಮ್ಮ ಮನೆ ಹಿಂದಿನ ಗುಡ್ಡ ಅಷ್ಟು ದಿನ ಕಾಯದೇ ಇರಬಹುದು.