ಮೀಸಲು ಕೂದಲು

ನವರಾತ್ರಿ ಮುಗಿದು ಮಳೆ ಹಿಂದೆ ಸರಿದಿತ್ತು. ಬೆಳಗಿನ ಹತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಘಣಸೋಲಿಯ ಹೊಸ ಸೆಕ್ಟರಿನಲ್ಲಿ ಏಳುತ್ತಿದ್ದ ಕಟ್ಟಡದ ಐದನೆಯ ಮಾಳಿಗೆಯಲ್ಲಿ ಶರಣಬಸಮ್ಮ ಹಿಂದಿನ ದಿನ ಪ್ಲಾಸ್ಟರು ಬಳಿದ ಗೋಡೆಗೆ ಪೈಪು ಹಿಡಿದು ನೀರುಣಿಸುತ್ತಿದ್ದಳು. ಈ ಬಿಸಿಲಿಗೆ ಒಂದು ಹೊತ್ತಿನ ನೀರು ತಪ್ಪಿದರೂ ಗೋಡೆ ಬಿರುಕು ಬಿಡುತ್ತದೆ. ಊರಲ್ಲಿ ಮೆಣಸಿನ ಸಸಿಗೆ ನೀರು ಬಿಡುತ್ತಿದ್ದ ಕೈ ಅದು; ಎಲ್ಲಿ ಕುಡಿದಿದೆ, ಎಲ್ಲಿ ಇನ್ನೂ ಬಾಯಾರಿದೆ ಎಂಬುದು ಬಣ್ಣ ನೋಡಿದರೇ ಅವಳಿಗೆ ತಿಳಿಯುತ್ತಿತ್ತು.

ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ಮಗಳು ಶ್ರೀವಾಣಿ.

"ಮಮ್ಮಿ! ಸಿಲೆಕ್ಟ್ ಹೋ ಗಯೀ ಮೈ!"

"ಏನಾತು? ಸಾವಕಾಶ ಹೇಳವಾ."

"ಜಾಬ್, ಮಮ್ಮಿ! ಚಷ್ಮೇವಾಲಾ ದುಕಾನ್, ವಾಶಿ ಮೇ! ಮಂಡೇ ಸೇ ಆನೇ ಕೋ ಬೋಲಾ."

ಶರಣಬಸಮ್ಮನಿಗೆ ನಗು ತಡೆಯಲಾಗಲಿಲ್ಲ. ಕನ್ನಡಕದ ಅಂಗಡಿ, ಸೋಮವಾರದಿಂದಲೇ. ಏಸಿ ಇರುತ್ತದೆ, ಸುತ್ತ ಗಾಜು ಇರುತ್ತದೆ, ಕೂರಲು ಕುರ್ಚಿ ಇರುತ್ತದೆ. ದುಡಿಯಲು ಬಂದ ಈ ಮರಾಠಿ ನಾಡಿನಲ್ಲೇ ಹುಟ್ಟಿದ ಮಗಳು ತಾಯಿಯ ಕನ್ನಡವನ್ನೆಲ್ಲ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆಂದು ಊರಿನವರು ಆಡಿಕೊಳ್ಳುತ್ತಿದ್ದರು. ಈಗ ಆ ಹಿಂದಿಯೇ ಅನ್ನ ಕೊಡುವಂತಾಯಿತು.

ಅತ್ತಲಿಂದ ಮಗಳ ದನಿ ಸ್ವಲ್ಪ ತಗ್ಗಿತು. ಅಂಗಡಿಯಲ್ಲಿ ಎಲ್ಲ ಕಡೆ ಕನ್ನಡಿಗಳಿವೆ. ಬಂದವರ ಮುಖಕ್ಕೆ ಕನ್ನಡಕ ತೊಡಿಸಿ ಪಕ್ಕದಲ್ಲಿ ನಿಲ್ಲಬೇಕು. ತಲೆಗೆ ಸ್ಕಾರ್ಫು ಕಟ್ಟಿಕೊಂಡು ನಿಂತರೆ ಹೇಗೆ? "ಮಮ್ಮಿ, ಹೇರ್‌ಕಟ್ ಕರ್‌ನಾ ಹೈ. ಕಲ್ ಹೀ. ಪ್ಲೀಸ್ ನಾ."

ನಾಳೆಯೇ ಕೂದಲು ಕತ್ತರಿಸಬೇಕಂತೆ. ಶರಣಬಸಮ್ಮನ ಕೈಯ ಪೈಪು ಒಂದೇ ಕಡೆ ನೀರು ಸುರಿಸತೊಡಗಿತು.

ಎರಡು ವರ್ಷದ ಹಿಂದೆ ಮಗಳ ಮಿದುಳಿಗೆ ಜ್ವರ ಏರಿತ್ತು. ಆಪರೇಶನ್ನಿಗೆಂದು ತಲೆಯ ಬಲಗಡೆಯನ್ನು ನುಣ್ಣಗೆ ಬೋಳಿಸಿ, ಎಡಗಡೆಯ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಶರಣಬಸಮ್ಮ ತನ್ನೂರಿನ ಹೊಳೆದಂಡೆಯ ಅವ್ವನಿಗೆ ಹರಕೆ ಹೊತ್ತಿದ್ದಳು: ಈ ಕೂಸು ಎದ್ದು ನಡೆದರೆ ನಡುಮಟ್ಟ ಕೂದಲು ಬೆಳೆಸಿ ನಿನ್ನ ಮುಂದೆ ಮುಡಿ ಕೊಡಿಸುತ್ತೇನೆ, ಅಲ್ಲಿಯತನಕ ಕತ್ತರಿ ಮುಟ್ಟಿಸುವುದಿಲ್ಲ. ಮಗಳು ಎದ್ದು ನಡೆದಳು. ಕೂದಲೂ ಬೆಳೆಯಿತು, ಆದರೆ ತನಗೆ ತೋಚಿದ ಹಾಗೆ. ಎಡಗಡೆ ಭುಜ ದಾಟಿತು. ಬಲಗಡೆ ಕಿವಿಯ ಕೆಳಗೆ ಬಂದು ಇನ್ನೂ ದಾರಿ ಹುಡುಕುತ್ತಿತ್ತು. ನಡು ಮುಟ್ಟಲು ಇನ್ನು ನಾಲ್ಕು ವರ್ಷವಾದರೂ ಬೇಕು.

ಸಂಜೆ ಕೋಣೆಯ ಹೊಸ್ತಿಲಲ್ಲಿ ತಾಯಿ ಮಗಳು ಒಂದೇ ಫೋನಿಗೆ ತಲೆ ಸೇರಿಸಿ ಕೂತಿದ್ದರು. ಶ್ರೀವಾಣಿ ತನ್ನದೇ ಫೋಟೋದ ಮೇಲೆ ಬೇರೆ ಬೇರೆ ಕಟ್ಟಿಂಗು ಕೂರಿಸಿ ತೋರಿಸುತ್ತಿದ್ದಳು. ಒಂದರಲ್ಲಿ ಕೂದಲು ಗಲ್ಲದ ಮಟ್ಟಕ್ಕೆ ನಿಂತಿತ್ತು, ಒಂದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು.

"ಇದು ಬ್ಯಾಡ, ಗಂಡಹುಡುಗ ಕಂಡಂಗ ಕಾಣ್ತೀ."

"ಔರ್ ಯೇ?"

"ಇದು..." ಶರಣಬಸಮ್ಮ ಫೋನನ್ನು ಹತ್ತಿರ ತಂದುಕೊಂಡಳು. ಬೇಡವೆನ್ನಲು ಬಾಯಿ ತೆರೆದವಳು ನೋಡುತ್ತಲೇ ಉಳಿದಳು. "ಇದು ಚೆಂದ ಅದ. ಆ ಹಿಂದಿಂದು ಮತ್ತೊಮ್ಮಿ ತೋರಸು."

ಪಕ್ಕದ ಕೋಣೆಯ ಚಂದ್ರಬಾಯಿ ಮುದುಕಿ ಅಕ್ಕಿ ಆರಿಸುತ್ತಿದ್ದ ಮೊರ ಹಿಡಿದುಕೊಂಡೇ ಎದ್ದು ಬಂದಳು. ಅವಳೂ ಕಲಬುರಗಿ ಕಡೆಯವಳೇ. ಹರಕೆಯ ಸಂಗತಿ ಅವಳಿಗೆ ಗೊತ್ತಿತ್ತು.

"ಏನ್ ನಡಿಸೀರೇ ತಾಯಿ ಮಗಳು? ಕೂದಲ ಕತ್ತರಸ್ತೀರೇನು? ಅದು ಅವ್ವನ ಹೆಸರೀಲೆ ಬಿಟ್ಟಿದ್ದು. ಮದ್ಲ ನೀವು ಕತ್ತರಿ ಹಾಕಿಸಿದ್ರ ಎಂಜಲ ಆತಲ್ಲ. ನೈವೇದ್ಯಕ್ಕ ಮಾಡಿದ ಹೂರಣ ಯಾರರೆ ರುಚಿ ನೋಡಿ ಎಡಿ ಹಿಡೀತಾರೇನು?"

"ಸಿರ್ಫ್ ಶೇಪ್, ಅಜ್ಜಿ. ಲಂಬಾಯೀ ರಖ್‌ನೀ ಹೀ ಹೈ ಮುಝೆ," ಉದ್ದ ಹಾಗೇ ಉಳಿಸುತ್ತೇನೆಂದು ಶ್ರೀವಾಣಿ ಹಿಂದಿಯಲ್ಲೇ ರಮಿಸಿದಳು.

"ಶೇಪಂತ ಶೇಪ! ಅವ್ವಗ ಹಿಂದಿ ಬರಂಗಿಲ್ಲ, ಕನ್ನಡದಾಗ ಹೇಳು," ಎಂದು ಮುದುಕಿ ಮೊರ ಕೊಡವಿ ಹೋದಳು.

ಶ್ರೀವಾಣಿ ನಕ್ಕಳು. ಶರಣಬಸಮ್ಮನಿಗೆ ನಗು ಬರಲಿಲ್ಲ. ಆಸ್ಪತ್ರೆಯ ಮೆಟ್ಟಿಲು ನೆನಪಾಯಿತು. ಕೊಟ್ಟ ಜೀವವನ್ನು ಅವ್ವ ಮರಳಿ ಕೇಳಿದರೆ? ಅವಳು ಫೋನನ್ನು ಮಗಳ ತೊಡೆಯ ಮೇಲಿಟ್ಟು, ಒಲೆ ಹಚ್ಚಬೇಕೆಂದು ಎದ್ದು ಹೋದಳು. ಮಗಳು ಆ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಿರುವುದು ಒಳಗಿನಿಂದ ಕಾಣುತ್ತಿತ್ತು. ಒಂದನ್ನು ಮಾತ್ರ ಅಳಿಸದೆ ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಭಾನುವಾರ ನಸುಕಿನಲ್ಲಿ ಶರಣಬಸಮ್ಮ ರೊಟ್ಟಿ ತಟ್ಟಲು ಕೂತಳು. ಗಂಡ ರೇವಣಸಿದ್ದ ತುರ್ಭೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಭಾನುವಾರವೊಂದೇ ಅವನಿಗೆ ನಿದ್ದೆ. ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆಯಲ್ಲೂ ಎಡಗಡೆಯ ಮುಂದಲೆಯ ಉದ್ದದ ಎಳೆಗಳು ನೆತ್ತಿ ದಾಟಿ ಬಲಕಿವಿಯ ಮೇಲಿನ ಗಾಯದ ಗುರುತನ್ನು ಮುಚ್ಚಿದ್ದವು. ಎಚ್ಚರವಿದ್ದಾಗಲೂ ಅಷ್ಟೇ: ಆ ಎಳೆಗಳನ್ನು ಎಳೆದು ಪಿನ್ನು ಸಿಕ್ಕಿಸಿ, ಮೇಲೆ ಸ್ಕಾರ್ಫು ಕಟ್ಟದೆ ಅವಳು ನಲ್ಲಿಗೂ ಹೋದವಳಲ್ಲ.

ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ಯುವಾಗ ಊರ ರಾಶಿಯ ಕಣ ಕಣ್ಣಿಗೆ ಕಟ್ಟಿತು. ಹೊಸ ಜೋಳ ಬಂದಾಗ ಅತ್ತೆ ಮೊದಲ ಸೇರನ್ನು ಅವ್ವನಿಗೆಂದು ಮೀಸಲು ತೆಗೆದಿಡುತ್ತಿದ್ದಳು. ಅದಕ್ಕೆ ಮೊದಲು ಮನೆಯಲ್ಲಿ ಯಾರೂ ಒಂದು ಕಾಳು ಬಾಯಿಗೆ ಹಾಕುವಂತಿರಲಿಲ್ಲ. ಮೀಸಲು ತೆಗೆದಾದ ಮೇಲೆ ಉಳಿದ ರಾಶಿಯೆಲ್ಲ ಮನೆಯವರದು. ಅದನ್ನು ಬೀಸಿ ರೊಟ್ಟಿ ಮಾಡಿ ಉಂಡರು, ಸಂತೆಗೂ ಕಳಿಸಿದರು. ಎಂಜಲಾಯಿತೆಂದು ಯಾರು ಅಂದರು?

ತಟ್ಟುತ್ತಿದ್ದ ಕೈ ನಿಂತಿತು. ಅರ್ಧ ಅಗಲವಾದ ರೊಟ್ಟಿಯನ್ನು ಹಾಗೇ ಬಿಟ್ಟು ಅವಳು ಮಗಳ ಭುಜ ಅಲುಗಾಡಿಸಿದಳು.

"ಏಳು, ಏಳು. ತಲಿ ಮ್ಯಾಲ ನೀರ ಹಾಕ್ಕೋ. ಇವತ್ತ ಐತವಾರ, ಅಮಾಸಿ ಇಲ್ಲ, ಏನಿಲ್ಲ. ಪಾರ್ಲರಕ್ಕ ಹೋಗೂಣು."

ಶ್ರೀವಾಣಿ ಎದ್ದು ಕೂತು ಕಣ್ಣುಜ್ಜಿದಳು. "ಸಚ್ಚೀ?" ಎಂದವಳೇ ತಾಯಿಯ ಹಿಟ್ಟಿನ ಕೈ ಹಿಡಿದು ಎಳೆದು ಅಪ್ಪಿಕೊಂಡಳು. ಕೌದಿಯ ಮೇಲೆಲ್ಲ ಹಿಟ್ಟು ಉದುರಿತು. ರೇವಣಸಿದ್ದ ಮಗ್ಗಲು ಬದಲಿಸಿ, "ಹಾಲಿನಾಂವ ಬಂದನೇನು?" ಎಂದು ಮತ್ತೆ ಮುಸುಕು ಹೊದ್ದ.

ಹರಿಣಾಕ್ಷಿಯ ಪಾರ್ಲರು ಘಣಸೋಲಿಯ ಹಳೆಯ ಊರಿನ ಗಲ್ಲಿಯಲ್ಲಿ, ಅವಳ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಉಡುಪಿ ಕಡೆಯವಳು, ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಒಂದು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಗೋಡೆಗೆ ಒರಗಿಸಿದ ಬೆಂಚು. ಶರಣಬಸಮ್ಮ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು, ಗುಡಿ ಹೊಕ್ಕವಳಂತೆ ಸೆರಗು ಹೊದ್ದು ಒಳಗೆ ಬಂದಳು.

"ಬನ್ನಿ ಶರಣಕ್ಕ. ಹುಬ್ಬು ಮಾಡ್ಲಿಕ್ಕಾ?" ಎಂದು ಹರಿಣಾಕ್ಷಿ ನಕ್ಕಳು.

"ನನ್ನ ಹುಬ್ಬ ಯಾರ ನೋಡ್ತಾರ ಅಕ್ಕೋರೆ, ಸಿಮೆಂಟಿನಾಗ ಮುಚ್ಚಿರ್ತಾವ," ಎಂದು ಶರಣಬಸಮ್ಮ ಇದ್ದದ್ದನ್ನೆಲ್ಲ ಹೇಳಿದಳು. ಹರಕೆ, ಕೆಲಸ, ಮೀಸಲು. ಮೊದಲ ಎಳೆ ಅವ್ವನದು, ಅದನ್ನು ಶುದ್ಧವಾಗಿ ತೆಗೆಯಬೇಕು. ಆಮೇಲೆ ಎಷ್ಟು ಬೇಕಾದರೂ ಚೆಂದ ಮಾಡಿ. ಹೇಳುತ್ತ ಸೆರಗಿನ ಗಂಟಿನಿಂದ ಅರಿಶಿನ ಕುಂಕುಮದ ಚೀಟಿ ಬಿಚ್ಚಿ ಕತ್ತರಿಯ ಹಿಡಿಕೆಗೆ ಹಚ್ಚಿಯೇಬಿಟ್ಟಳು.

"ಅಯ್ಯೋ, ಮೊನ್ನೆ ಆಯುಧಪೂಜೆಗೆ ನಾನೇ ಇಟ್ಟದ್ದು ಮಾರಾಯ್ತಿ! ಆಗಲಿ, ದೇವರ ಕೆಲಸ ಅಲ್ವಾ." ಹರಿಣಾಕ್ಷಿ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದಳು. "ಎಲ್ಲಿಂದ ತೆಗೀಬೇಕು ಹೇಳಿ."

"ನೆತ್ತಿ ಮ್ಯಾಲಿಂದು."

"ನೆತ್ತಿಯಿಂದಲಾ? ಎಂತ ಹೇಳ್ತೀರಿ ನೀವು! ನಡುಮಧ್ಯ ಗುಡ್ಡೆಯಲ್ಲಿ ಹುಲ್ಲು ಕೆತ್ತಿದ ಹಾಗೆ ಕಾಣ್ತದೆ. ನಾಳೆ ಕೆಲಸಕ್ಕೆ ಹೋಗುವ ಹುಡುಗಿ." ಅವಳು ಶ್ರೀವಾಣಿಯ ಕತ್ತಿನ ಹಿಂದೆ ಬೆರಳಾಡಿಸಿದಳು. "ಇಲ್ಲಿಂದ ಕೊಡುವ. ಇದು ಬಾಲದ ಹಾಗೆ ನೇತಾಡ್ತದೆ, ಹೇಗೂ ಕಟ್ ಮಾಡ್ಲಿಕ್ಕುಂಟು."

ಶರಣಬಸಮ್ಮನ ಮುಖ ಸಪ್ಪಗಾಯಿತು. ಹೇಗೂ ಬಿಸಾಡುವುದು ಮೀಸಲು ಹೇಗಾದೀತು? ರಾಶಿಯ ಮೀಸಲೆಂದರೆ ಗಟ್ಟಿಕಾಳು. ಜೊಳ್ಳು ತೂರಿ ಕೊಡುವುದಲ್ಲ. ಆದರೆ ನೆತ್ತಿಯೂ ಬೇಡ. ಅವಳು ಮಗಳ ತಲೆಯ ಸುತ್ತ ಕಣ್ಣಾಡಿಸಿದಳು. ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸು ಮ್ಯಾಗಜೀನು ಮಡಿಚಿಟ್ಟು ಇತ್ತಲೇ ನೋಡತೊಡಗಿದಳು.

ಕನ್ನಡಿಯ ಮುಂದೆ ಕೂತಿದ್ದ ಶ್ರೀವಾಣಿ ಕೈಯೆತ್ತಿ ಪಿನ್ನು ತೆಗೆದಳು. ಎಡಗಡೆಯ ಮುಂದಲೆಯಿಂದ ಬಲಕ್ಕೆ ಎಳೆದು ಕಟ್ಟಿದ್ದ ಉದ್ದದ ಎಳೆಗಳು ಜಾರಿ ಮುಖದ ಮೇಲೆ ಬಿದ್ದವು. ಅವನ್ನು ಮುಷ್ಟಿಯಲ್ಲಿ ಒಟ್ಟುಮಾಡಿ ತಾಯಿಯ ಕಡೆ ಚಾಚಿದಳು.

"ಇದು," ಎಂದಳು. ಮತ್ತೆ ಕನ್ನಡದಲ್ಲೇ, ಮಾತು ಹುಡುಕಿ ಹುಡುಕಿ, "ಇದು ಎಲ್ಲಾದಕ್ಕಿಂತ ಚೊಲೋ ಅದ ಅವ್ವಾ. ಇದು ಕೊಡು."

ಅವಳು ತಾಯಿಯನ್ನು 'ಅವ್ವಾ' ಎಂದದ್ದು ಆಸ್ಪತ್ರೆಯಲ್ಲಿ ಕಣ್ಣು ತೆರೆದ ದಿನ, ಆಮೇಲೆ ಇವತ್ತೇ.

"ಅದು ಹೋದ್ರ ಗಾಯ ಕಾಣ್ತದ ನೋಡವಾ," ಎಂದು ಶರಣಬಸಮ್ಮ ಮೆಲ್ಲಗೆ ಹೇಳಿದಳು.

"ಕಾಣಲಿ."

ಹರಿಣಾಕ್ಷಿ ಆ ಎಳೆಗಳನ್ನು ಹಣೆಯ ಮೇಲೆ ಮಡಿಚಿ ಹಿಡಿದು, ಕತ್ತು ಓರೆ ಮಾಡಿ ಕನ್ನಡಿಯಲ್ಲಿ ನೋಡಿದಳು. ಬಿಟ್ಟಳು. ಮತ್ತೆ ಮಡಿಚಿ ಹಿಡಿದಳು. ಅವಳ ಕಣ್ಣು ಅರಳಿತು. "ನಿಲ್ಲಿ, ನಿಲ್ಲಿ. ಇದನ್ನು ತೆಗೆದರೆ ಇಲ್ಲಿ ಹಣೆ ಮೇಲೆ ಫ್ರಿಂಜ್ ಬರ್ತದೆ. ಹುಬ್ಬಿನ ವರೆಗೆ, ಸ್ವಲ್ಪ ಓರೆಯಾಗಿ. ಎರಡೂ ಬದಿಗೆ ಲೇಯರ್. ಹಿಂದೆ ಉದ್ದ ಹಾಗೇ ಬಿಡುವ, ಬೆಳೀಲಿ ಅದರಷ್ಟಕ್ಕೆ. ಅಯ್ಯೋ, ಇವಳ ಮುಖಕ್ಕೆ ಇದೇ ಆಗ್ಬೇಕಾದ್ದು! ಮೊಬೈಲಲ್ಲಿ ಇಂಥದ್ದು ಇತ್ತಾ?"

ಶ್ರೀವಾಣಿ ಇಲ್ಲವೆಂದು ತಲೆಯಾಡಿಸಿದಳು.

ಶರಣಬಸಮ್ಮ ಎರಡೂ ಕೈಯಿಂದ ಸೆರಗು ಒಡ್ಡಿ ನಿಂತಳು. ತುಟಿಯಲ್ಲೇ ಅವ್ವನ ಹೆಸರು ಹೇಳಿಕೊಂಡಳು. ಕತ್ತರಿ 'ಕಚ್' ಎಂದಿತು. ಒಂದೂವರೆ ಗೇಣಿನ ಕಪ್ಪು ಎಳೆಗಳು ಸೆರಗಿಗೆ ಬಿದ್ದವು. ಹೂವಿನಷ್ಟೂ ಭಾರವಿರಲಿಲ್ಲ.

ಆಮೇಲೆ ಕತ್ತರಿ ನಿಲ್ಲಲೇ ಇಲ್ಲ. ಹರಿಣಾಕ್ಷಿ ಕೂದಲನ್ನು ನಾಲ್ಕು ಪಾಲು ಮಾಡಿ, ಕ್ಲಿಪ್ಪು ಹಾಕಿ, ಒಂದೊಂದನ್ನೇ ಬೆರಳ ಸಂದಿಯಲ್ಲಿ ಎತ್ತಿ ಓರೆಯಾಗಿ ತುದಿ ಸವರಿದಳು. ಬಲಗಡೆಗೆ ಬಂದಾಗ ಬಾಚಣಿಕೆ ನಿಧಾನವಾಯಿತು. ಶ್ರೀವಾಣಿ ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡು ಹುಡುಗಿ. ಎಲ್ಲುಂಟು ಗಾಯ? ಹೇಳು ನೋಡುವ." ಹರಿಣಾಕ್ಷಿ ಬಲಗಡೆಯ ಕೂದಲನ್ನು ಬಾಚಿ ಕೆಳಗೆ ಬಿಟ್ಟಳು. "ಅದರ ಮೇಲೆ ಅದರದ್ದೇ ಕೂದಲು ಬಂದು ಎಷ್ಟು ತಿಂಗಳಾಯ್ತೋ. ಈಚೆಯದನ್ನು ಎಳೆದೆಳೆದು ಆಚೆ ಮುಚ್ಚಿದ್ದು ಎಂತಕ್ಕೆ ನೀನು?"

ಶ್ರೀವಾಣಿ ಒಂದು ಕಣ್ಣು ತೆರೆದಳು, ಆಮೇಲೆ ಎರಡನ್ನೂ. ಬೆಂಚಿನ ಮೇಲಿದ್ದ ಹೆಂಗಸು, "ಕಿತೀ ಛಾನ್ ದಿಸತೇಸ್ ಗ!" ಎಷ್ಟು ಚೆಂದ ಕಾಣುತ್ತೀಯೆಂದು ಮರಾಠಿಯಲ್ಲಿ ಉದ್ಗರಿಸಿದಳು. ಹುಬ್ಬಿನ ಮೇಲೆ ಇಳಿಬಿದ್ದ ಕೂದಲಿನ ಕೆಳಗೆ ಆ ಮುಖ ದುಂಡಗೆ, ತುಂಟತನ ತುಂಬಿಕೊಂಡು ಕಾಣುತ್ತಿತ್ತು. ಇದು ಹತ್ತೊಂಬತ್ತರ ಹುಡುಗಿಯ ಮುಖ ಎಂದು ಶರಣಬಸಮ್ಮನಿಗೆ ಈಗಷ್ಟೇ ತಿಳಿದಂತಾಯಿತು.

ಮನೆಯ ದಾರಿಯಲ್ಲಿ ಶ್ರೀವಾಣಿ ನಿಂತಿದ್ದ ಬೈಕುಗಳ ಕನ್ನಡಿಯೊಂದನ್ನೂ ಬಿಡಲಿಲ್ಲ. "ಮಮ್ಮಿ, ದೇಖ್ ನಾ! ಪೀಛೇ ಸೇ ಕೈಸಾ ಹೈ? ಔರ್ ಸೈಡ್ ಸೇ?" ಪ್ರತಿ ಸಲವೂ ಶರಣಬಸಮ್ಮ ನಿಂತು ಹಿಂದಿನಿಂದ, ಪಕ್ಕದಿಂದ ಹೊಸದಾಗಿ ನೋಡಿದಳು. ಪ್ರತಿ ಸಲವೂ, "ಚೆಂದ ಅದ, ನಡಿ," ಎಂದಳು. ಆಮೇಲೆ ಅವಳೇ ಎರಡು ಸಲ, "ಸ್ವಲ್ಪ ನಿಂದರು, ಇತ್ತಾಗ ತಿರುಗು," ಎಂದು ನಿಲ್ಲಿಸಿದಳು.

ಚಂದ್ರಬಾಯಿ ಬಾಗಿಲಲ್ಲೇ ಕಾದಿದ್ದಳು. ಮೇಲೆ ಕೆಳಗೆ ನೋಡಿದಳು. "ಅವ್ವಂದು?"

ಶರಣಬಸಮ್ಮ ಸೆರಗಿನ ಗಂಟು ತೋರಿಸಿದಳು. "ಮದ್ಲ ಮೀಸಲ ತಗದೀನಿ ಯಕ್ಕಾ. ಉದ್ದಂದು, ಚೊಲೋದು. ಆಮ್ಯಾಲ ಉಳಿದಿದ್ದು."

ಮುದುಕಿ ಗಂಟನ್ನು ಬೆರಳಿನಿಂದ ಒತ್ತಿ ನೋಡಿದಳು. "ಹಂಗಾರ ಆತು ಬಿಡು," ಎಂದು, ಹುಡುಗಿಯ ಹಣೆಯ ಕೂದಲನ್ನು ಉಫ್ ಎಂದು ಊದಿದಳು. "ಕಣ್ಣಾಗ ಬೀಳ್ತಾವ ಖೋಡಿ, ಗಿರಾಕಿಗೆ ಬದಲು ಮದ್ಲ ನೀನ ಚಷ್ಮಾ ಹಾಕ್ಕೋ."

ರೇವಣಸಿದ್ದ ಹೊಸ್ತಿಲಿಗೆ ನೀರು ಹಾಕಿ ತೊಳೆದು ಕೂತಿದ್ದ. ಅವನು ಮಗಳನ್ನು ಬಹಳ ಹೊತ್ತು ನೋಡಿದ. ದೀಪಾವಳಿಗೆ ಊರಿಗೆ ಹೊರಟವನು ಅವನು. ಮುಂದಿನ ವಾರ ಕಲ್ಯಾಣ ಸ್ಟೇಶನ್ನಿನಿಂದ ಗಾಡಿ. ಶರಣಬಸಮ್ಮ ಗಂಟು ಬಿಚ್ಚಿ, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಎಳೆಗಳನ್ನು ಸುತ್ತಿ ಅವನ ಕೈಗಿಟ್ಟಳು.

"ಹೊಳಿದಂಡಿಗೆ ಹೋಗಿ ಅವ್ವನ ಪಾದಕ್ಕ ಮುಟ್ಟಿಸ್ರಿ."

"ಹರಕಿ ತೀರಿತೇನು ಹಂಗಾರ?"

ಅವಳು ಸ್ವಲ್ಪ ಯೋಚಿಸಿದಳು. "ಇಲ್ಲ. ಮೀಸಲ ಮುಟ್ಟೇದ ಅಂತ ಹೇಳ್ರಿ. ಉಳಿದದ್ದು ಬೆಳ್ಯಾಕತ್ತದ, ಬೆಳದ ಮ್ಯಾಲ ನಾವ ಬರ್ತೀವಂತ."

ಅವನು ತಲೆಯಾಡಿಸಿ ಆ ಬಟ್ಟೆಯ ಸುರುಳಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ. ಆಮೇಲೆ ಮಗಳಿಗೆ, "ಒಂದ ಸುತ್ತ ತಿರುಗು ನೋಡೂಣು," ಎಂದ.

ಶ್ರೀವಾಣಿ ತಿರುಗಿದಳು. ಒಂದು ಸುತ್ತಿಗೆ ನಿಲ್ಲಲಿಲ್ಲ. ಎರಡು, ಮೂರು, ನಾಲ್ಕು. ಕೂದಲು ಕತ್ತಿನಿಂದ ಎದ್ದು ಹರಡಿತು. ಭುಜದ ಮೇಲೆ, ಕಾಲರಿನ ಸಂದಿಯಲ್ಲಿ ಉಳಿದಿದ್ದ ಸಣ್ಣ ಸಣ್ಣ ತುಂಡುಗಳು ಹಾರಿ, ತೊಳೆದ ಹೊಸ್ತಿಲ ಮೇಲೆ ಉದುರಿದವು. ಹೊಸ್ತಿಲ ಮೇಲೆ ಕೂದಲು ಬೀಳಬಾರದೆಂದು ಶರಣಬಸಮ್ಮ ಕಸಬರಿಗೆಗೆ ಕೈಚಾಚಿದಳು. ಕಸಬರಿಗೆ ಕೈಗೆ ಬಂತು. ಮಗಳು ಇನ್ನೂ ತಿರುಗುತ್ತಲೇ ಇದ್ದಳು. ಅವಳು ಅದನ್ನು ಹಿಡಿದುಕೊಂಡು ಹಾಗೇ ನಿಂತಳು.