ಎಣ್ಣೆ ಕಾಣದ ತೊಲೆ

ನಾನು ಒಂದು ತೇಗದ ತೊಲೆ. ವ್ಯಾಯಾಮ ಕಲಿಸುವವರ ಬಾಯಲ್ಲಿ ಬ್ಯಾಲೆನ್ಸ್ ಬೀಮ್. ದಾಂಡೇಲಿ ಕಡೆಯಿಂದ ಬಂದ ಒಂದೇ ಮರದಲ್ಲಿ ನಾವಿಬ್ಬರು ಹುಟ್ಟಿದೆವು. ಬುಡದ ಭಾಗ, ನನ್ನ ಅಣ್ಣ, ಲಕ್ಷ್ಮೇಶ್ವರದ ಗರಡಿಗೆ ಮಲ್ಲಕಂಬವಾಗಿ ಹೋಯಿತು. ಮೇಲಿನ ಭಾಗವಾದ ನನ್ನನ್ನು ಬಡಿಗೇರ ಮೌನೇಶಪ್ಪ ಸೀಳಿ, ಕೀಸಿ, ಅಂಗೈಯಗಲಕ್ಕೆ ಇಳಿಸಿ, ಎರಡು ಕಬ್ಬಿಣದ ಕಾಲುಗಳ ಮೇಲೆ ಅಡ್ಡ ಮಲಗಿಸಿದ. ಏರುವವರ ಮೈ ತರಚಬಾರದೆಂದು ಅಣ್ಣನಿಗೆ ದಿನವೂ ಔಡಲೆಣ್ಣೆಯ ಮಾಲೀಸು. ಕಾಲು ಜಾರಬಾರದೆಂದು ನನಗೆ ಬರೀ ಒಣ ಬಿಳಿ ಪುಡಿ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಧಾರವಾಡದ ಒಂದು ಕಾಲೇಜಿನ ವ್ಯಾಯಾಮಶಾಲೆಯಲ್ಲಿ ನಾನು ಸಂಸಾರ ಹೂಡಿದೆ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಚಾಪೆ ಹಾಸುವುದು ಎಲ್ಲ ಫಕೀರಪ್ಪನ ಪಾಲು. ಅವನು ಹರೆಯದಲ್ಲಿ ಮಲ್ಲಕಂಬ ಏರಿದ ಮನುಷ್ಯ. ಹುಡುಗಿಯರಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದವರು ಮುಲ್ಲಾ ಸರ್; ಮಾತು ಕಡಿಮೆ, ಕಣ್ಣು ಚುರುಕು. ಮೊದಮೊದಲು ನನ್ನ ಮೇಲೆ ಏರಿದವರಿಗಿಂತ ಟವೆಲ್ ಒಣಹಾಕಿದವರೇ ಹೆಚ್ಚು.

ಆಮೇಲೆ ನೀಲಾಂಬಿಕಾ ಬಂದಳು. ಬಿ.ಎ. ಮೊದಲ ವರ್ಷದ ಹುಡುಗಿ, ಲಕ್ಷ್ಮೇಶ್ವರದವಳು, ನನ್ನ ಅಣ್ಣನ ಮೈ ಹತ್ತಿಯೇ ಬೆಳೆದವಳು. ಕೆಳಗಿನಿಂದ ನೋಡುವ ನನಗೆ ಮನುಷ್ಯರ ಮುಖಕ್ಕಿಂತ ಅಂಗಾಲು ಚೆನ್ನಾಗಿ ಗೊತ್ತು. ಹೆದರಿದವರ ಅಂಗಾಲು ಬೆವರುತ್ತದೆ. ನೀಲಾಳದು ಒಣಗಿಯೇ ಇರುತ್ತಿತ್ತು. ನನ್ನ ಮೇಲೆ ಅವಳು ಕೈಯೂರಿ ತಿರುಗಿ ನಿಂತರೆ ಅಂಗಳದಲ್ಲಿ ನಡೆದಾಡಿದಷ್ಟು ಸಲೀಸು. ವಿಶ್ವವಿದ್ಯಾಲಯದ ಸ್ಪರ್ಧೆ ಗೆದ್ದಳು, ರಾಷ್ಟ್ರೀಯ ಸ್ಪರ್ಧೆಯಲ್ಲಿ ಪದಕ ತಂದಳು. ದೀಪಾವಳಿ ಕಳೆದರೆ ಭಾರತ ತಂಡದ ಆಯ್ಕೆ. ಹೊರದೇಶಕ್ಕೆ ಹೋಗಿ ಆಡಬೇಕೆಂಬುದು ಅವಳ ಒಂದೇ ಹಂಬಲ. ನಮ್ಮೆಲ್ಲರದೂ ಅದೇ ಆಗಿಬಿಟ್ಟಿತ್ತು.

ಆ ವರ್ಷದ ಆಯುಧಪೂಜೆ ಬಂತು. ನಮ್ಮ ಕಡೆ ಅದಕ್ಕೆ ಖಂಡೇಪೂಜೆ ಎನ್ನುತ್ತಾರೆ. ರಜೆಯಾದ್ದರಿಂದ ಹಾಲ್‌ನಲ್ಲಿ ಫಕೀರಪ್ಪ ಒಬ್ಬನೇ. ಎಲ್ಲ ಸಲಕರಣೆಗೂ ಕುಂಕುಮ ಹಚ್ಚಿ, ಕೊನೆಗೆ ನನ್ನ ಬಳಿ ಬಂದು ಮೈ ಸವರಿದ.

"ದೇಶದ ಪರವಾಗಿ ನಿಲ್ಲಾಕಿ ನಮ್ಮ ಹುಡುಗಿ. ಅಕೀ ಕಂಬ ಹಿಂಗ ಬಣಗುಡಬಾರ್ದು," ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಗರಡಿಯಲ್ಲಿ ಕಲಿತ ಕೈ. ಪೂಜೆ ಎಂದರೆ ಮೊದಲು ಕಂಬಕ್ಕೆ ಎಣ್ಣೆ ಎಂದೇ ಆ ಕೈಗೆ ಗೊತ್ತು. ಔಡಲೆಣ್ಣೆ ತಂದು ಈ ತುದಿಯಿಂದ ಆ ತುದಿಗೆ ತಿಕ್ಕಿದ. ನಾನು ಗಟಗಟನೆ ಕುಡಿದೆ. ಅಷ್ಟು ಸುಖ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಕೊನೆಗೆ ಒಣಬಟ್ಟೆಯಿಂದ ಒರೆಸಿದ. ನೋಡುವವರಿಗೆ ಹೊಸ ಪಾಲಿಶ್ ಅನ್ನಿಸಬೇಕು.

ಮರುದಿನ ದಸರೆ. ಹಬ್ಬವೆಂದು ಅಭ್ಯಾಸ ಬಿಡುವವಳಲ್ಲ ನೀಲಾ. ಸರ್‌ಗೂ ಫಕೀರಪ್ಪನಿಗೂ ಬನ್ನಿ ಕೊಟ್ಟು, ನನ್ನ ಪಕ್ಕಕ್ಕೂ ಒಂದೆಲೆ ಇಟ್ಟು ಮೇಲೇರಿದಳು. ಹಿಂದಕ್ಕೆ ಪಲ್ಟಿ ಹೊಡೆದು ಮತ್ತೆ ನನ್ನ ಮೇಲೆ ಕಾಲೂರುವಾಗ ಪಾದ ಜಾರಿತು. ಮೊಣಕೈ ನೆಲಕ್ಕೆ ಬಡಿದ ಸದ್ದು ನನ್ನ ಕಬ್ಬಿಣದ ಕಾಲುಗಳಿಗೂ ಕೇಳಿಸಿತು.

ಮುಲ್ಲಾ ಸರ್ ಓಡಿ ಬಂದು ಅವಳ ಕೈ ಹಿಡಿದುಕೊಂಡರು. ಆಮೇಲೆ ನನ್ನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು.

"ಎಣ್ಣಿ ನಾನ ಹಚ್ಚೀನ್ರಿ ಸರ್," ಎಂದ ಫಕೀರಪ್ಪ.

"ಸರ್, ಕಾಕಾಗ ಏನೂ ಅನಬ್ಯಾಡ್ರಿ," ಎಂದಳು ನೀಲಾ. ನೋವಿಗೆ ಅವಳ ತುಟಿ ಬೆಳ್ಳಗಾಗಿತ್ತು.

ಆಯ್ಕೆ ಕೈತಪ್ಪಿತು. ಫಕೀರಪ್ಪ ಅಳುತ್ತಲೇ ಮರಳು ಕಾಗದ ಹಿಡಿದು ನನ್ನ ಮೈ ಉಜ್ಜಿದ, ಎಣ್ಣೆಯ ವಾಸನೆ ಹೋಗುವವರೆಗೂ ಬಿಡಲಿಲ್ಲ. ಮುಂದಿನ ಖಂಡೇಪೂಜೆಗಳಲ್ಲಿ ಎಲ್ಲಕ್ಕೂ ಕುಂಕುಮ ಬಿತ್ತು. ನನ್ನೊಬ್ಬನನ್ನು ಬಿಟ್ಟು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ನೀಲಾ ಮರಳಿದಾಗ ಅವಳ ಅಂಗಾಲು ಬೆವರುತ್ತಿತ್ತು. ಏರುವುದು, ಒಂದು ಹೆಜ್ಜೆ ಇಡುವುದು, ಇಳಿದುಬಿಡುವುದು. ಹೀಗೆಯೇ ವಾರಗಟ್ಟಲೆ ನಡೆಯಿತು. ಒಂದು ದಿನ ಏರುವ ಮೊದಲು ಅಂಗೈಯಿಂದ ನನ್ನನ್ನು ಉದ್ದಕ್ಕೂ ಸವರಿದಳು. ಎಲ್ಲಾದರೂ ನುಣುಪು ತಗುಲೀತೇ ಎಂದು ಆ ಕೈ ನಿಂತು ನಿಂತು ಹುಡುಕುತ್ತಿತ್ತು. ಎಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲೆ ಏರಿ, ಪಲ್ಟಿ ಹೊಡೆದು, ನಿಂತಳು.

"ಸವರವಾ, ದಿನಾ ಸವರು. ನಮಗೇನ ಅವಸರಿಲ್ಲ," ಎಂದರು ಮುಲ್ಲಾ ಸರ್.

ಮರುವರ್ಷ ಅವಳು ತಂಡಕ್ಕೆ ಸೇರಿದಳು. ಏಷ್ಯಾ ಮಟ್ಟದ ಸ್ಪರ್ಧೆಯ ದಿನ ಫಕೀರಪ್ಪ ಮೊಬೈಲನ್ನು ನನ್ನ ಮೇಲೆಯೇ ನಿಲ್ಲಿಸಿದ್ದ. ಅಲ್ಲಿನ ಬೀಮಿಗೆ ಮೆತ್ತನೆಯ ಚರ್ಮದ ಹೊದಿಕೆ. ಆದರೂ ಏರುವ ಮುನ್ನ ನೀಲಾ ಅದರ ಉದ್ದಕ್ಕೂ ಅಂಗೈ ಆಡಿಸಿದಳು. ಭಾರತದ ಹುಡುಗಿ ಬೀಮಿಗೆ ನಮಸ್ಕರಿಸುತ್ತಿದ್ದಾಳೆ, ಎಂಥ ಸಂಸ್ಕೃತಿ ಎಂದು ವೀಕ್ಷಕ ವಿವರಣೆಯವರು ಹೊಗಳಿದರು. ಹಾಲ್‌ನ ಹುಡುಗಿಯರು ಚಪ್ಪಾಳೆ ತಟ್ಟಿದರು.

"ನಮಸ್ಕಾರ ಅಲ್ಲ ಅದು, ಎಣ್ಣಿ ಹುಡುಕಾಕತ್ತಾಳ," ಎಂದು ಫಕೀರಪ್ಪ ನನಗಷ್ಟೇ ಕೇಳುವಂತೆ ಹೇಳಿದ.

ಅವಳು ಬೀಳಲಿಲ್ಲ. ಫೈನಲ್ ಮುಟ್ಟಿದಳು. ಮುಂದೆ ಎಷ್ಟೋ ದೇಶ ಸುತ್ತಿದಳು, ಒಮ್ಮೆ ಕಂಚನ್ನೂ ತಂದಳು. ಹೋದಲ್ಲೆಲ್ಲ ಮೊದಲು ಆ ಸವರುವಿಕೆ. ಅದನ್ನು ನೋಡಿದಾಗಲೆಲ್ಲ ಫಕೀರಪ್ಪ ತಲೆ ತಗ್ಗಿಸುತ್ತಿದ್ದ.

ಈಗ ನಮ್ಮ ಹಾಲಿಗೂ ಚರ್ಮ ಹೊದ್ದ ಹೊಸ ಬೀಮ್ ಬಂದಿದೆ. ನಾನು ಕಿಟಕಿಯ ಕೆಳಗೆ ಹುಡುಗಿಯರ ಚೀಲ ಹೊತ್ತು ಬಿದ್ದಿದ್ದೇನೆ. ಪುಡಿ ಕುಡಿದು ಕುಡಿದು ಒಣಗಿದ ಮೈ ಅಲ್ಲಲ್ಲಿ ಬಿರುಕು ಬಿಟ್ಟಿದೆ.

ಈ ಸಲದ ಖಂಡೇಪೂಜೆಗೆ ನೀಲಾ ಬಂದಳು. ಸ್ಪರ್ಧೆ ಸಾಕು ಮಾಡಿ, ನಿವೃತ್ತರಾದ ಮುಲ್ಲಾ ಸರ್ ಜಾಗಕ್ಕೆ ಸೇರಿದ್ದಾಳೆ. ತಲೆ ನರೆತ ಫಕೀರಪ್ಪ ಎಲ್ಲಕ್ಕೂ ಕುಂಕುಮ ಹಚ್ಚಿ ನನ್ನನ್ನು ದಾಟಿ ಹೋದ.

"ಕಾಕಾ, ಇದಕ್ಕ?"

"ಬ್ಯಾಡವಾ. ಇದಕ್ಕ ನಾ ಕೈ ಹಚ್ಚೂದಿಲ್ಲ."

ನೀಲಾ ಚೀಲದಿಂದ ಒಂದು ಬಾಟಲಿ ತೆಗೆದಳು. ಲಕ್ಷ್ಮೇಶ್ವರದ ಗರಡಿಯ ಔಡಲೆಣ್ಣೆ.

"ಹಚ್ರಿ ಕಾಕಾ. ಹೆಂಗ ಸೀಳೇತಿ ನೋಡ್ರಿ. ಇನ್ನ ಇದರ ಮ್ಯಾಲ ಯಾರೂ ಏರೂದಿಲ್ಲ."

ಫಕೀರಪ್ಪ ಬಾಟಲಿ ತೆಗೆದುಕೊಂಡ. ಮೊದಲು ಬೊಟ್ಟಿನಷ್ಟು, ಆಮೇಲೆ ಬೊಗಸೆ ತುಂಬ ಸುರಿದು ತಿಕ್ಕಿದ. ನನ್ನ ಬಿರುಕುಗಳೆಲ್ಲ ಬಾಯಿ ತೆರೆದು ಕುಡಿದವು. ನೀಲಾ ಈ ತುದಿಯಿಂದ ಆ ತುದಿಗೆ ಅಂಗೈ ಜಾರಿಸಿದಳು. ಅದು ಎಲ್ಲಿಯೂ ನಿಲ್ಲಲಿಲ್ಲ, ಏನನ್ನೂ ಹುಡುಕಲಿಲ್ಲ. ಅದೇ ಎಣ್ಣೆಗೈಯಿಂದ ಫಕೀರಪ್ಪನ ಕೈ ಹಿಡಿದುಕೊಂಡಳು.

ಅಣ್ಣನಿಗೆ ದಿನವೂ ಸಿಗುವುದು ನನಗೆ ಇಡೀ ಬಾಳಿನಲ್ಲಿ ಎರಡು ಸಲ ಸಿಕ್ಕಿತು. ಎರಡನೆಯದು ಯಾರನ್ನೂ ಬೀಳಿಸಲಿಲ್ಲ.